ಅಜ್ಜನ ಎಡಗಿವಿ: ಕೋವಿ ಸದ್ದಿನ ಒಂದು ಸಣ್ಣ ಇತಿಹಾಸ

ಭಾಗ 1/7

ನಮ್ಮನೇಲಿ ಒಂದು ರೂಲ್ ಇದೆ. ಅಜ್ಜನ ಹತ್ರ ಏನಾದ್ರೂ ಹೇಳ್ಬೇಕು ಅಂದ್ರೆ ಅವರ ಬಲಗಡೆ ಕೂತ್ಕೋಬೇಕು. ಎಡಗಡೆ ಕೂತು ಎಷ್ಟೇ ಕೂಗಿದ್ರೂ ಅರ್ಧ ಮಾತು ಗಾಳಿಗೆ ಹೋಗುತ್ತೆ. ಅಜ್ಜಿ "ಸಕ್ಕರೆ ಹಾಕ್ಲಾ?" ಅಂತ ಕೇಳಿದ್ರೆ ಅಜ್ಜನಿಗೆ "ಅಕ್ಕರೆ" ಅಂತ ಕೇಳಿಸುತ್ತೆ. ನಾವೆಲ್ಲ ನಗ್ತೀವಿ, ಅಜ್ಜನೂ ನಗ್ತಾರೆ. ವಯಸ್ಸಾಯ್ತಲ್ಲ, ಅದಕ್ಕೇ ಹೀಗೆ ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ.

ಕಳೆದ ವರ್ಷ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗೆ ನಾನೂ ನಿಂತೆ. ಜೀವನದಲ್ಲಿ ಮೊದಲ ಸಲ. ಮೂರು ಗುಂಡು ಹೊಡೆದೆ, ಕಾಯಿ ಅಲ್ಲಾಡಲಿಲ್ಲ. ಆದ್ರೆ ನನ್ನ ಎಡಗಿವಿ ಗುಂಯ್ ಅನ್ನೋಕೆ ಶುರುವಾಯ್ತು. ರಾತ್ರಿ ಮಲಗಿದಾಗಲೂ ನಿಲ್ಲಲಿಲ್ಲ. ಎರಡು ದಿನ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಇತ್ತು. ಚಿಕ್ಕಪ್ಪ "ಅಷ್ಟೇನಾ? ಎಲ್ರಿಗೂ ಆಗುತ್ತೆ" ಅಂದ್ರು.

ಎಲ್ರಿಗೂ ಆಗುತ್ತೆ ಅನ್ನೋ ಆ ಮಾತೇ ನನ್ನನ್ನ ಕೆಣಕಿದ್ದು. ಅಜ್ಜನಿಗೂ ಎಡಗಿವಿ, ನನಗೂ ಎಡಗಿವಿ. ಯಾಕೆ? ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ಏಳು ಪೋಸ್ಟ್‌ಗಳಲ್ಲಿ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ.

ಭಾಗ 2/7

1782ರ ಏಪ್ರಿಲ್ 12. ಕೆರಿಬಿಯನ್ ಸಮುದ್ರದಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ದೊಡ್ಡ ನೌಕಾಯುದ್ಧ. ಬ್ರಿಟಿಷ್ ಅಡ್ಮಿರಲ್ ರಾಡ್ನಿ ಇದ್ದ ಹಡಗಿನ ಹೆಸರು ಫಾರ್ಮಿಡಬಲ್. ಅವತ್ತು ಆ ಹಡಗು ಸುಮಾರು 80 ಸಲ ತನ್ನ ಒಂದು ಬದಿಯ ಫಿರಂಗಿಗಳನ್ನೆಲ್ಲ ಒಟ್ಟಿಗೆ ಸಿಡಿಸಿತು ಅಂತ ದಾಖಲೆ. ರಾಡ್ನಿ ಗೆದ್ದ. ಆದ್ರೆ ಆಮೇಲೆ 14 ದಿನ ಅವನಿಗೆ ಹೆಚ್ಚು ಕಡಿಮೆ ಏನೂ ಕೇಳಿಸಲಿಲ್ಲ. ಅಡ್ಮಿರಲ್ ಆಗಿದ್ದಕ್ಕೆ ಅವನ ಕಿವಿಯ ಕಥೆ ಪುಸ್ತಕ ಸೇರಿತು. ಕೆಳಗಿನ ಡೆಕ್‌ನಲ್ಲಿ ಫಿರಂಗಿ ಪಕ್ಕದಲ್ಲೇ ನಿಂತು ಮದ್ದು ತುಂಬುತ್ತಿದ್ದ ನೂರಾರು ಹುಡುಗರ ಕಿವಿ ಏನಾಯ್ತು ಅಂತ ಯಾರೂ ಬರೆದಿಡಲಿಲ್ಲ.

1831ರಲ್ಲಿ ಜಾನ್ ಫಾಸ್‌ಬ್ರೋಕ್ ಅನ್ನೋ ವೈದ್ಯ ಕಮ್ಮಾರರ ಕಿವುಡುತನದ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ. 1860ರಲ್ಲಿ ಲಂಡನ್ನಿನ ಕಿವಿ ವೈದ್ಯ ಜೋಸೆಫ್ ಟಾಯ್ನ್‌ಬೀ ಬೇಟೆಗಾರರನ್ನ ಗಮನಿಸಿ ಒಂದು ವಿಷಯ ಹೇಳಿದ: ಕೋವಿ ಯಾವ ಭುಜಕ್ಕೆ ಒರಗಿಸಿರ್ತಾರೋ ಅದರ ಎದುರು ಬದಿಯ ಕಿವಿಗೆ ಹೆಚ್ಚು ಏಟು.

ಇಲ್ಲೇ ನನಗೆ ಉತ್ತರ ಸಿಕ್ತು. ಬಲಗೈಯವರು ಕೋವಿ ಹಿಡಿದಾಗ ತಲೆ ಬಲಕ್ಕೆ ವಾಲುತ್ತೆ. ಬಲಗಿವಿ ತಲೆಯ ಮರೆಗೆ ಹೋಗುತ್ತೆ, ಎಡಗಿವಿ ನಳಿಗೆಯ ಬಾಯಿಯ ಕಡೆಗೆ ತೆರೆದುಕೊಳ್ಳುತ್ತೆ. ಅಜ್ಜನದು ಬರೀ ವಯಸ್ಸಿನ ಕಿವುಡಾಗಿದ್ರೆ ಎರಡೂ ಕಿವಿ ಹೆಚ್ಚು ಕಡಿಮೆ ಒಂದೇ ಥರ ಇರ್ಬೇಕಿತ್ತು. ಅವರ ಎಡಗಿವಿಯ ಕಾರಣ 160 ವರ್ಷದ ಹಿಂದೇನೇ ಪುಸ್ತಕದಲ್ಲಿತ್ತು.

ಭಾಗ 3/7

ಸ್ವಲ್ಪ ಲೆಕ್ಕ. ಬಿಕಾಂ ಹುಡುಗಿ, ಲೆಕ್ಕ ಬಿಡಲ್ಲ.

ಡೆಸಿಬಲ್ ನಮ್ಮ ಮಾರ್ಕ್ಸ್ ಥರ ಅಲ್ಲ. 3 ಡೆಸಿಬಲ್ ಏರಿದ್ರೆ ಸದ್ದಿನ ಶಕ್ತಿ ಎರಡು ಪಟ್ಟು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕೆಲಸ ಮಾಡ್ಬಹುದು ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. 88 ಆದ್ರೆ 4 ಗಂಟೆ. 91 ಆದ್ರೆ 2 ಗಂಟೆ. 100 ಆದ್ರೆ ಬರೀ 15 ನಿಮಿಷ. ಒಮ್ಮೆಲೇ ಸಿಡಿಯೋ ಸದ್ದಿಗೆ 140 ಡೆಸಿಬಲ್ ಮೇಲ್ಮಿತಿ. ಕೋವಿ ಹೊಡೆಯುವವರ ಕಿವಿ ಹತ್ರ ಆ ಸದ್ದು 150ರಿಂದ 165ರ ತನಕ ಹೋಗುತ್ತೆ. ಅಂದ್ರೆ ಇಲ್ಲಿ ಗಂಟೆಯ ಲೆಕ್ಕವೇ ಇಲ್ಲ, ಒಂದೇ ಗುಂಡು ಸಾಕು.

ದೇವರು ಕಿವಿಗೆ ರಕ್ಷಣೆ ಕೊಟ್ಟಿಲ್ವಾ? ಕೊಟ್ಟಿದಾನೆ. ಜೋರು ಸದ್ದಾದ್ರೆ ನಡುಗಿವಿಯ ಒಂದು ಪುಟ್ಟ ಸ್ನಾಯು ಬಿಗಿಯಾಗಿ ಸದ್ದನ್ನ ತಡೆಯುತ್ತೆ. ಆದ್ರೆ ಅದು ಎಚ್ಚರ ಆಗೋಕೆ ಹತ್ತಾರು ಮಿಲಿಸೆಕೆಂಡ್ ಬೇಕು. ಕೋವಿಯ ಏಟು ಅಷ್ಟರಲ್ಲಿ ಮುಗಿದೇ ಹೋಗಿರುತ್ತೆ. ಕಳ್ಳ ಓಡಿಹೋದ ಮೇಲೆ ನಾಯಿ ಬೊಗಳಿದ ಹಾಗೆ.

ಒಳಗಿವಿಯಲ್ಲಿ ಕೂದಲಿನಂಥ ಎಳೆ ಇರುವ ಜೀವಕೋಶಗಳಿವೆ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಸದ್ದಿನಿಂದ ಮೊದಲು ಹೋಗೋದು 4000 ಹರ್ಟ್ಸ್ ಆಸುಪಾಸಿನ ಕಿವಿ. ಸ, ಶ, ಫ, ಥ ಇಂಥ ತೆಳು ಸದ್ದುಗಳು ಕಳೆದುಹೋಗುತ್ತವೆ. ಮಾತಾಡ್ತಿದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಸಕ್ಕರೆಯ ಸ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತಾ?

ಭಾಗ 4/7

ಹಾಗಾದ್ರೆ ಕಿವಿ ಮುಚ್ಕೊಳ್ಳೋಕೆ ಜನ ಏನು ಮಾಡಿದ್ರು?

1907ರಲ್ಲಿ ಬರ್ಲಿನ್‌ನ ಮ್ಯಾಕ್ಸ್ ನೆಗ್ವೆರ್ ಅನ್ನೋ ಔಷಧ ತಯಾರಕ ಹತ್ತಿಯನ್ನ ಮೇಣದಲ್ಲಿ ಅದ್ದಿ ಕಿವಿಯುಂಡೆ ಮಾಡಿದ. ಗ್ರೀಕ್ ಕಥೆಯಲ್ಲಿ ಒಡಿಸ್ಯೂಸ್ ತನ್ನ ನಾವಿಕರ ಕಿವಿಗೆ ಮೇಣ ತುಂಬಿಸ್ತಾನಲ್ಲ, ಅದೇ ಐಡಿಯಾ. ಹೆಸರು ಓರೋಪಾಕ್ಸ್: ಜರ್ಮನ್ನಿನ ಕಿವಿ, ಲ್ಯಾಟಿನ್ನಿನ ಶಾಂತಿ. ನಿದ್ದೆಗೆ ಅಂತ ಮಾಡಿದ್ದು ಮೊದಲ ಮಹಾಯುದ್ಧ ಬಂದಾಗ ಸೈನಿಕರ ಜೇಬು ಸೇರಿತು.

ಅದೇ ಯುದ್ಧದಲ್ಲಿ ಬ್ರಿಟಿಷರ ಕಡೆ ಮ್ಯಾಲಕ್-ಆರ್ಮ್‌ಸ್ಟ್ರಾಂಗ್ ಅನ್ನೋ ಕಿವಿರಕ್ಷಕ ಇತ್ತು. ಒಳಗೆ ತೆಳು ಪೊರೆ. ಮಾತು ಕೇಳಿಸ್ಬೇಕು, ಫಿರಂಗಿ ಏಟು ಮಾತ್ರ ನಿಲ್ಲಬೇಕು ಅನ್ನೋದು ಅದರ ಆಸೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ವಿ-51ಆರ್ ಅನ್ನೋ ರಬ್ಬರ್ ಪ್ಲಗ್ ತಂದ್ರು. 1960ರ ದಶಕದಲ್ಲಿ ರಾಸ್ ಗಾರ್ಡ್ನರ್ ಅನ್ನೋ ಅಮೆರಿಕನ್ ವಿಜ್ಞಾನಿ, ಹಿಸುಕಿದ್ರೆ ನಿಧಾನಕ್ಕೆ ಉಬ್ಬೋ ಫೋಮ್ ಕಿವಿಗೆ ಸರಿ ಹೋಗುತ್ತೆ ಅಂತ ಕಂಡುಕೊಂಡ. ಮೆಡಿಕಲ್ ಶಾಪ್‌ನಲ್ಲಿ ಸಿಗೋ ಮೆತ್ತನೆ ಪ್ಲಗ್‌ನ ಮೂಲ ಅದೇ.

ಸಮಸ್ಯೆ ಮುಗೀತಲ್ವಾ? ಇಲ್ಲ. ಬೇಟೆಗಾರ ಕಿವಿ ಮುಚ್ಕೊಂಡ್ರೆ ಒಣಗೆಲೆ ಮೇಲೆ ಪ್ರಾಣಿ ಕಾಲಿಟ್ಟ ಸದ್ದು ಕೇಳಲ್ಲ. ಪಕ್ಕದವನು "ನಿಲ್ಲು!" ಅಂದ್ರೂ ಕೇಳಲ್ಲ. ಸೈನಿಕನಿಗೆ ಶತ್ರುವಿನ ಹೆಜ್ಜೆ ಕೇಳಲ್ಲ. ಹಾಗಾಗಿ ಪ್ಲಗ್ ಜೇಬಲ್ಲೇ ಉಳೀತು. ಕಿವಿ ಉಳಿಸ್ಕೊಳ್ಳೋಕೆ ಕಿವಿಯನ್ನೇ ಬಿಟ್ಟುಕೊಡಬೇಕು ಅಂದ್ರೆ ಯಾರು ತಾನೇ ಒಪ್ತಾರೆ?

ಭಾಗ 5/7

ಈ ಗಂಟನ್ನ ಬಿಚ್ಚಿದ್ದು ಎಲೆಕ್ಟ್ರಾನಿಕ್ಸ್.

1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1952ರ ಕೊನೆಗೆ ಅದನ್ನ ಬಳಸಿದ ಹಿಯರಿಂಗ್ ಏಡ್ ಮಾರುಕಟ್ಟೆಗೆ ಬಂತು. ಸದ್ದನ್ನ ದೊಡ್ಡದು ಮಾಡೋ ಸರ್ಕ್ಯೂಟ್ ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕದಾದ ಮೇಲೆ ಅದನ್ನ ಇಯರ್‌ಮಫ್ ಒಳಗೂ ಕೂರಿಸಬಹುದು ಅಲ್ವಾ?

ಕೆಲಸ ಮಾಡೋದು ಹೀಗೆ. ಎರಡು ಬಟ್ಟಲು ಕಿವಿಯನ್ನ ಪೂರ್ತಿ ಮುಚ್ಚುತ್ತವೆ. ಹೊರಗಡೆ ಮೈಕ್, ಒಳಗಡೆ ಪುಟ್ಟ ಸ್ಪೀಕರ್. ಎಡಕ್ಕೆ ಬೇರೆ, ಬಲಕ್ಕೆ ಬೇರೆ, ಹಾಗಾಗಿ ಸದ್ದು ಯಾವ ದಿಕ್ಕಿನಿಂದ ಅಂತಲೂ ಗೊತ್ತಾಗುತ್ತೆ. ಪಿಸುಮಾತು, ಹೆಜ್ಜೆಸದ್ದು ಎಲ್ಲ ಒಳಗೆ ಬರುತ್ತೆ, ಬೇಕಿದ್ರೆ ಜಾಸ್ತಿಯಾಗೇ ಬರುತ್ತೆ. ಸದ್ದು ಸುಮಾರು 82 ಡೆಸಿಬಲ್ ದಾಟಿತೋ, ಸರ್ಕ್ಯೂಟ್ ತಕ್ಷಣ ಅದನ್ನ ಅದುಮುತ್ತೆ. ಹಳೇ ಮಾಡೆಲ್‌ಗಳಲ್ಲಿ ಗುಂಡು ಹೊಡೆದಾಗ ಸದ್ದು ಪೂರ್ತಿ ಕಟ್ ಆಗಿ ಆಮೇಲೆ ಮರಳಿ ಬರ್ತಿತ್ತು. ಹೊಸದ್ರಲ್ಲಿ ಕಟ್ ಆಗಲ್ಲ, ತಗ್ಗುತ್ತೆ ಅಷ್ಟೇ.

ಇಲ್ಲಿ ತುಂಬಾ ಜನ ತಪ್ಪು ತಿಳ್ಕೊಳ್ಳೋ ವಿಷಯ ಒಂದಿದೆ. ಕಿವಿ ಕಾಯೋದು ಎಲೆಕ್ಟ್ರಾನಿಕ್ಸ್ ಅಲ್ಲ, ಬಟ್ಟಲು ಮತ್ತು ಅದರ ಅಂಚಿನ ಮೆತ್ತೆ. ಎಲೆಕ್ಟ್ರಾನಿಕ್ಸ್ ಮಾಡೋದು ಕೇಳಿಸೋ ಕೆಲಸ. ಬ್ಯಾಟರಿ ಖಾಲಿಯಾದ್ರೂ ಬಟ್ಟಲು ತಡೆಯುತ್ತೆ. ಆದ್ರೆ ಕನ್ನಡಕದ ಕಡ್ಡಿಯೋ ಜಡೆಯೋ ಸಿಕ್ಕಿಹಾಕ್ಕೊಂಡು ಸಂದಿ ಬಿಟ್ರೆ, ಎಷ್ಟು ದುಬಾರಿ ಮಫ್ ಆದ್ರೂ ಸದ್ದು ಒಳಗೆ ನುಗ್ಗುತ್ತೆ. ಡಬ್ಬಿ ಮೇಲೆ ಬರೆದಷ್ಟು ರಕ್ಷಣೆ ನಿಜವಾಗಿ ಸಿಗೋದೂ ಕಮ್ಮಿ. ಅದಕ್ಕೇ ಜೋರು ಕೋವಿಗೆ ಒಳಗೆ ಫೋಮ್ ಪ್ಲಗ್, ಮೇಲೆ ಮಫ್, ಎರಡೂ ಹಾಕಿ ಅಂತಾರೆ. ಎರಡರ ನಂಬರ್ ಕೂಡಿಸಬೇಡಿ, ಎರಡನೆಯದರಿಂದ ಸುಮಾರು 5 ಡೆಸಿಬಲ್ ಲಾಭ ಅಷ್ಟೇ. ಆ 5 ಕೂಡ ದೊಡ್ಡದೇ.

ನೀವು ಹಾಡು ಕೇಳೋ ಬ್ಲೂಟೂತ್ ಇಯರ್‌ಬಡ್‌ನ ನಾಯ್ಸ್ ಕ್ಯಾನ್ಸಲಿಂಗ್ ಇದಲ್ಲ. ಅದು ಬಸ್ಸಿನ ಗುಂಯ್‌ಗೆ ಸರಿ. ಅದನ್ನ ಹಾಕ್ಕೊಂಡು ಕೋವಿ ಹತ್ರ ನಿಲ್ಬೇಡಿ.

ಭಾಗ 6/7

ಇದು ಕಾಮರ್ಸ್ ಕ್ಲಾಸ್‌ನವರಿಗೆ.

ಎಲೆಕ್ಟ್ರಾನಿಕ್ ಮಫ್ ದುಬಾರಿ, ಸೈನ್ಯಕ್ಕೆ ಬೇಕಾದ್ದು ಲಕ್ಷಗಟ್ಟಲೆ. ಹಾಗಾಗಿ ಬ್ಯಾಟರಿಯಿಲ್ಲದ ಒಂದು ಉಪಾಯ ಬಂತು: ಎರಡು ತುದಿಯ ಕಾಂಬ್ಯಾಟ್ ಆರ್ಮ್ಸ್ ಪ್ಲಗ್. ಹಳದಿ ತುದಿ ಹಾಕಿದ್ರೆ ಸಣ್ಣ ರಂಧ್ರದ ಮೂಲಕ ಮಾತು ಕೇಳುತ್ತೆ, ಸ್ಫೋಟ ತಗ್ಗುತ್ತೆ. ಹಸಿರು ತುದಿ ಹಾಕಿದ್ರೆ ಎಲ್ಲ ಸದ್ದೂ ಬಂದ್. ಏರೋ ಅನ್ನೋ ಕಂಪನಿ ಮಾಡಿದ್ದು. 2008ರಲ್ಲಿ ಆ ಕಂಪನಿಯನ್ನ 3ಎಂ ಕೊಂಡುಕೊಂಡಿತು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಅಮೆರಿಕದ ಸೈನಿಕರು ಇದನ್ನ ಬಳಸಿದ್ರು.

ಆಮೇಲೆ ಆರೋಪ ಬಂತು: ಪ್ಲಗ್ ಗಿಡ್ಡ, ಕೆಲವರ ಕಿವಿಯಲ್ಲಿ ಗೊತ್ತಾಗದ ಹಾಗೆ ಸಡಿಲವಾಗುತ್ತೆ, ಇದು ಕಂಪನಿಗೆ ಗೊತ್ತಿದ್ರೂ ಹೇಳಲಿಲ್ಲ ಅಂತ. 2018ರಲ್ಲಿ 3ಎಂ ಅಮೆರಿಕ ಸರ್ಕಾರಕ್ಕೆ 91 ಲಕ್ಷ ಡಾಲರ್ ಕೊಟ್ಟು ಒಂದು ಕೇಸು ಮುಗಿಸಿತು. ನಂತರ ಎರಡು ಲಕ್ಷಕ್ಕೂ ಹೆಚ್ಚು ಸೈನಿಕರು, ಮಾಜಿ ಸೈನಿಕರು ಕೋರ್ಟಿಗೆ ಹೋದ್ರು. 2023ರ ಆಗಸ್ಟ್‌ನಲ್ಲಿ ಕಂಪನಿ 600 ಕೋಟಿ ಡಾಲರ್ ಕೊಡೋಕೆ ಒಪ್ಪಿತು, ತಪ್ಪು ಮಾತ್ರ ಒಪ್ಪಲಿಲ್ಲ.

ಅಕೌಂಟಿಂಗ್ ಸ್ಟ್ಯಾಂಡರ್ಡ್ 29ರಲ್ಲಿ ನಾವು ಪ್ರಾವಿಷನ್, ಕಂಟಿಂಜೆಂಟ್ ಲಯಬಿಲಿಟಿ ಅಂತ ಉರು ಹೊಡೀತೀವಲ್ಲ, ಅದರ ಹಿಂದೆ ಹೀಗೆ ರಾತ್ರಿಯಿಡೀ ಗುಂಯ್ ಅನ್ನೋ ಕಿವಿಗಳೂ ಇರ್ತವೆ. ಕಿವಿ ಮೊರೆತ ಇವತ್ತಿಗೂ ಅಮೆರಿಕದ ಮಾಜಿ ಸೈನಿಕರಲ್ಲಿ ಅತಿ ಹೆಚ್ಚು ಪರಿಹಾರ ಪಡೆಯುವ ಸೇವಾ ತೊಂದರೆ.

ಭಾಗ 7/7

ಈಗ ನಮ್ಮೂರಿಗೆ ಬರೋಣ.

ಕೊಡಗಿನಲ್ಲಿ ಕೋವಿ ಅಂದ್ರೆ ಬರೀ ಆಯುಧ ಅಲ್ಲ. ಕೈಲ್‌ಪೊಳ್ದ್ ದಿನ ತೋಕ್‌ಪೂ ಇಟ್ಟು ಪೂಜೆ ಮಾಡ್ತೀವಿ. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು ಗುಂಡು, ಬೆಟ್ಟದ ಆಚೆಗೂ ಸುದ್ದಿ ಮುಟ್ಟಲಿ ಅಂತ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿ ಹಿಡಿಯಿತು. ಬೇಟೆ 1972ರ ಕಾಯ್ದೆಯಿಂದ ನಿಂತಿದೆ, ನಿಲ್ಲಲೂ ಬೇಕು. ಕೋವಿ ಉಳಿದಿದೆ. ಕೋವಿ ಹಿಡಿಯೋ ಹಕ್ಕಿನ ಬಗ್ಗೆ ಇಷ್ಟು ಮಾತಾಡ್ತೀವಿ, ಕಿವಿ ಬಗ್ಗೆ ಯಾಕೆ ಮಾತಾಡಲ್ಲ?

ಈ ವರ್ಷ ಟ್ಯೂಷನ್ ಹೇಳಿಕೊಟ್ಟ ದುಡ್ಡಲ್ಲಿ ಒಂದು ಎಲೆಕ್ಟ್ರಾನಿಕ್ ಮಫ್ ತಗೊಂಡೆ. ಸ್ಪರ್ಧೆಯಲ್ಲಿ ಅದನ್ನ ಹಾಕಿ ನಿಂತಾಗ ಹಿಂದೆ ಯಾರೋ "ಹೆದರಿಕೆನಾ?" ಅಂದ್ರು. ಮೈಕ್ ಆನ್ ಇತ್ತಲ್ಲ, ಸ್ಪಷ್ಟವಾಗಿ ಕೇಳಿಸ್ತು. ನಕ್ಕೊಂಡು ಹೊಡೆದೆ. ಕಾಯಿ ಈ ಸಲವೂ ತಪ್ಪಿತು. ರಾತ್ರಿ ಮಾತ್ರ ಕಿವಿ ಸುಮ್ಮನಿತ್ತು.

ಮನೆಗೆ ಬಂದು ಅಜ್ಜನ ತಲೆಗೆ ಮಫ್ ಹಾಕಿ ವಾಲ್ಯೂಮ್ ತಿರುಗಿಸಿದೆ. ಹಿಯರಿಂಗ್ ಏಡ್ ಅಲ್ಲ ಅದು, ಆದ್ರೂ ಸ್ವಲ್ಪ ಹೊತ್ತು ಅಂಗಳದ ಮಳೆ ಕೇಳ್ತಾ ಕೂತ್ರು. ಎಲ್ಲ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಿದೆ, ಬಲಗಡೆ ಕೂತು. ಅಜ್ಜ ಕೇಳಿದ್ರು, "ನಮ್ಮ ಕಾಲದಲ್ಲಿ ಇಂಥದ್ದು ಇರ್ಲಿಲ್ವಲ್ಲ ಮಗಾ?"

ಎಲೆಕ್ಟ್ರಾನಿಕ್ ಇರ್ಲಿಲ್ಲ. ಆದ್ರೆ ಮೇಣದುಂಡೆ ಇತ್ತು, ರಬ್ಬರ್ ಪ್ಲಗ್ ಇತ್ತು, ಎಡಗಿವಿ ಹೋಗುತ್ತೆ ಅನ್ನೋ ತಿಳಿವಳಿಕೆ ಅಜ್ಜ ಹುಟ್ಟೋಕೂ ಮುಂಚೆ ಇತ್ತು. ಬೆಟ್ಟ ಹತ್ತಿ ನಮ್ಮನೆ ತನಕ ಬರ್ಲಿಲ್ಲ ಅಷ್ಟೇ. ನಾನು "ಇತ್ತು ಅಜ್ಜ, ನಿಮಗೆ ಯಾರೂ ಹೇಳ್ಲಿಲ್ಲ" ಅಂದೆ. ಅವರು ಏನೂ ಮಾತಾಡಲಿಲ್ಲ.

ಅದಕ್ಕೇ ಈ ಏಳು ಪೋಸ್ಟ್. ಫೋಮ್ ಪ್ಲಗ್ ಜೊತೆಗೆ ಒಂದು ಪ್ಲೇಟ್ ಗೋಬಿಗಿಂತ ಕಮ್ಮಿ ದುಡ್ಡು. ಹೊಡೆಯುವವರು ಮಾತ್ರ ಅಲ್ಲ, ಪಕ್ಕ ನಿಂತು ವಿಡಿಯೋ ಮಾಡುವವರು, ಹೆಗಲ ಮೇಲೆ ಕೂತ ಮಕ್ಕಳು, ಎಲ್ರಿಗೂ ಬೇಕು. ಸದ್ದಾದ ಮೇಲೆ ಕಿವಿ ಮಂಕಾಗಿ ಒಂದೆರಡು ದಿನದಲ್ಲಿ ಸರಿ ಹೋಗದಿದ್ರೆ ಎಣ್ಣೆ ಬಿಡ್ಬೇಡಿ, ಕಿವಿ ಡಾಕ್ಟರ್ ಹತ್ರ ಹೋಗಿ. ನಿಮ್ಮನೇಲೂ ಒಂದು ಪಕ್ಕಕ್ಕೇ ಕೂರಿಸ್ಕೊಳ್ಳೋ ಅಜ್ಜ ಇದ್ರೆ ಕಾಮೆಂಟಲ್ಲಿ ಹೇಳಿ. ಮುಂದಿನ ಹಬ್ಬಕ್ಕೆ ಕೋವಿ ಹಿಡಿಯೋ ಫ್ರೆಂಡ್‌ಗೆ ಇದನ್ನ ಕಳಿಸಿ.

#ಕಿವಿಉಳಿಸಿ #ಕೈಲ್‌ಪೊಳ್ದ್ #ಕೊಡಗು #ಇತಿಹಾಸದತುಣುಕು