ರಟ್‌ಲಂಡಿನ ಕೆರಿ, ಮುಳ್ಳಿನ ಬೇಲಿ

ನಮ್ಮ ಕಡೆ ಬೇಲಿ ಅಂದ್ರ ಜಾಲಿಮುಳ್ಳು ಕಡಿದು ತಂದು ಒಟ್ಟಿದ್ದು, ಇಲ್ಲಾ ಕತ್ತಾಳಿ ಸಾಲು. ಎರಡು ಮಳಿಗಾಲ ಕಳೀತಂದ್ರ ಮುಳ್ಳೆಲ್ಲಾ ಗೆದ್ದಲ ಪಾಲು. ಇಂಗ್ಲಂಡಿನ ಹಳ್ಳಿ ಬೇಲಿ ಹಂಗಲ್ಲ ನೋಡ್ರಿ. ಅದು ಬೇರುಬಿಟ್ಟ ಗಿಡದ ಬೇಲಿ, ಕೆಲವಂತೂ ನೂರಾರು ವರ್ಷದ್ದು. ಅಂಥಾ ಬೇಲಿ ಸೀಮ್ಯಾಗ ದೊಡ್ಡದೊಂದು ಕುಡಿಯೋ ನೀರಿನ ಕೆರಿ ಕಟ್ಟಬೇಕಾದಾಗ, ಅದನ್ನ ಸುತ್ತಲಿನ ಹೊಲ, ಗಿಡಗಳ ಜೊತಿ ಹೊಂದಿಸಿಕೊಟ್ಟಾಕಿ ಒಬ್ಬ ಹೆಣ್ಣುಮಗಳು, ಸಿಲ್ವಿಯಾ ಕ್ರೋ. ಅಕಿ ಕಥಿ ತಿಳೀಬೇಕಂದ್ರ ಮೊದಲ ಬೇಲಿ ಕಥಿ ಕೇಳಬೇಕು.

ನಡು ಇಂಗ್ಲಂಡಿನ ಎಷ್ಟೋ ಊರಾಗ ಮೊದಲ ಹೊಲದ ನಡುವ ಬೇಲಿನ ಇರಲಿಲ್ಲ. ದೊಡ್ಡ ಬಯಲು, ಅದರಾಗ ಒಬ್ಬೊಬ್ಬರಿಗೆ ಅಲ್ಲೊಂದು ಇಲ್ಲೊಂದು ಪಟ್ಟಿ. ಜೊತಿಗೆ ಊರಿಗೆಲ್ಲಾ ಕೂಡಿದ ಗಾಯರಾಣ. ಬಡವರ ಮನಿ ಹೆಂಗಸು ಅಲ್ಲಿ ಒಂದು ಆಕಳ ಮೇಯಿಸ್ತಿದ್ಲು, ನಾಕು ಬಾತುಕೋಳಿ ಬಿಡ್ತಿದ್ಲು, ಒಲಿಗೆ ಕಂಟಿ ಕಡಕೊಂಡು ಬರ್ತಿದ್ಲು. ಮಕ್ಕಳ ಬಾಯಿಗೆ ಹಾಲು ಬೀಳ್ತಿದ್ದದ್ದು ಆ ಗಾಯರಾಣದಿಂದನ.

1750ರಿಂದ 1850ರ ನಡುವ ಪಾರ್ಲಿಮೆಂಟಿನವರು ಸುಮಾರು 4,000 ಕಾಯ್ದೆ ಮಾಡಿ ಇಂಥಾ ಬಯಲು, ಗಾಯರಾಣ ಎಲ್ಲಾ ತುಂಡು ಮಾಡಿ ಹಂಚಿಬಿಟ್ಟರು. ಕಾಗದದ ಮ್ಯಾಲೆ ಹಕ್ಕಿದ್ದವರಿಗೆ ಪಾಲು ಬಂತು. ರೂಢಿಲೆ ಆಕಳ ಬಿಡ್ತಿದ್ದವರಿಗೆ ಏನೂ ಇಲ್ಲ. ಸಣ್ಣ ಪಾಲು ಸಿಕ್ಕವರೂ ತಮ್ಮ ಖರ್ಚಿನಾಗ ಬೇಲಿ ಹಾಕಬೇಕಿತ್ತು. ಅಷ್ಟು ರೊಕ್ಕ ಎಲ್ಲಿಂದ ತರೋದು? ಎಷ್ಟೋ ಮಂದಿ ಮಾರಿಕೊಂಡು ಕೂಲಿಗೆ ನಿಂತರು. ಆ ಕಾಲಕ್ಕ ನೆಟ್ಟ ಬೇಲಿ ಅಂದಾಜು 2 ಲಕ್ಷ ಮೈಲಿ ಅಂತಾರ, ಹೆಚ್ಚಿನದು ಹಾಥಾರ್ನ್ ಅನ್ನೋ ಮುಳ್ಳಿನ ಗಿಡದ್ದು. ಜಾನ್ ಕ್ಲೇರ್ ಅಂತ ಒಬ್ಬ ಕೂಲಿಯವರ ಮನಿ ಹುಡುಗ, ಮುಂದ ದೊಡ್ಡ ಕವಿ ಆದ. ಅವನ ಊರು ಹೆಲ್ಪ್‌ಸ್ಟನ್ನಿನ ಕಾಯ್ದೆ ಆದದ್ದು 1809ರಾಗ. ಊರ ಬಯಲು ಮುಚ್ಚಿ ಹೋದ ಸಂಕಟ ಅವನ ಕವಿತಿ ತುಂಬ ಅದ. 1820ರಾಗ ಅವನ ಲಗ್ನ ಆದದ್ದು ರಟ್‌ಲಂಡ್ ಜಿಲ್ಲಾದ ಗ್ರೇಟ್ ಕ್ಯಾಸ್ಟರ್ಟನ್ನಿನಾಗ, ಗ್ವಾಶ್ ಹೊಳಿ ದಂಡಿಗೆ. ಈ ಹೊಳಿ ಹೆಸರು ನೆನಪಿಟ್ಟಗೋರಿ.

ಅನ್ಯಾಯದ ಬೇಲಿನ ಖರೆ. ಆದರ ಗಿಡಕ್ಕ ಅದೆಲ್ಲಿ ಗೊತ್ತು, ತನ್ನಷ್ಟಕ್ಕ ಬೆಳೀತು. ಬ್ಲ್ಯಾಕ್‌ಬೆರ್ರಿ ಹಬ್ಬಿತು, ಕಾಡಗುಲಾಬಿ ಬಂತು, ಹಕ್ಕಿ ಗೂಡು ಕಟ್ಟಿದವು. ಎರಡನೇ ಮಹಾಯುದ್ಧದಾಗ ಹೊರಗಿನಿಂದ ಕಿತ್ತಳಿ ಬರೋದು ಕಡಿಮಿ ಆದಾಗ, ಹೆಂಗಸರು ಮಕ್ಕಳು ಕೂಡಿ ಬೇಲ್ಯಾಗಿನ ಕಾಡಗುಲಾಬಿ ಕಾಯಿ ಆರಿಸಿ ಕೊಟ್ಟರು. ಅದರ ಪಾಕ ಮಾಡಿ ಕೂಸುಗಳಿಗೆ ಸಿ ಜೀವಸತ್ವಕ್ಕ ಅಂತ ಕುಡಿಸಿದರು. ಬೇಲಿ ಹಳೇದಾಗಿ ಬುಡದಾಗ ಸಂದು ಬಿದ್ದರ ಅದನ್ನ ಹೆಣೆಯೋ ರೀತಿನೂ ಛಂದ. ಥಂಡಿ ದಿನದಾಗ ಕಾಂಡನ್ನ ಬುಡಕ್ಕ ಮುಕ್ಕಾಲು ಪಾಲು ಸೀಳಿ ಓರಿಯಾಗಿ ಬಾಗಿಸೋದು, ನಡುನಡುವ ಗೂಟ ಹೊಡಿಯೋದು, ಮ್ಯಾಲೆ ಹಸಿ ಬರಲು ಹೆರಳು ಹಾಕಿದಂಗ ಹೆಣಿಯೋದು. ತೊಗಟಿ ಕೂಡಿಕೊಂಡಿರೋದರಿಂದ ಗಿಡ ಸಾಯೂದಿಲ್ಲ, ಬುಡದಿಂದ ಹೊಸಾ ಚಿಗುರು ಒಡೀತದ.

ಯುದ್ಧ ಮುಗದ ಮ್ಯಾಲೆ ದೊಡ್ಡ ಯಂತ್ರ ತಿರುಗಲಿಕ್ಕೆ ಜಾಗಾ ಬೇಕಂತ ಬೇಲಿ ಕಿತ್ತಿದರು. ಸರಕಾರನ ಅದಕ್ಕ ರೊಕ್ಕಾ ಕೊಡ್ತಿತ್ತು! ಮುಂದ 1997ರಾಗ ಅದ ಸರಕಾರ, ಹಳ್ಳಿಗಾಡಿನ ಹಳೇ ಬೇಲಿ ಕೀಳೋ ಮೊದಲ ನಮಗ ತಿಳಿಸ್ರಿ ಅಂತ ನಿಯಮ ಮಾಡ್ತು.

ಇವೆರಡರ ನಡುವಿನ ಹೊತ್ತಿನಾಗ ಬಂದಾಕಿ ಸಿಲ್ವಿಯಾ. ಹುಟ್ಟಿದ್ದು 1901. ಸಣ್ಣಾಕಿದ್ದಾಗ ಕ್ಷಯ ಆಗಿ ಸಾಲಿ ಬಿಟ್ಟು, ಮನಿ ಹೊಲದಾಗ ಬೆಳದ್ಲು. ಆಮ್ಯಾಲೆ ತೋಟಗಾರಿಕಿ ಕಲ್ತು, ಅಣುವಿದ್ಯುತ್ ಕೇಂದ್ರದ ಸುತ್ತಲಿನ ನೆಲಾ ಸೈತ ರೂಪಿಸಿದ್ಲು. ದೊಡ್ಡ ಕಟ್ಟಡ ಬೇಕ ಬೇಕು, ಆದರ ಅದು ಆ ಸೀಮಿ ನೆಲದ ಗುಣಕ್ಕ ಕೂಡಬೇಕು ಅನ್ನೋದು ಅಕಿ ಹಟ. 1970ರಾಗ ಗ್ವಾಶ್ ಹೊಳಿಗೆ ಒಡ್ಡು ಹಾಕೋ ಕಾಯ್ದೆ ಆತು. ನೀರು ಬೇಕಾಗಿದ್ದು ಪೀಟರ್‌ಬರೊ, ನಾರ್ಥಾಂಪ್ಟನ್‌ನಂಥಾ ಬೆಳಿಯೋ ಊರುಗಳಿಗೆ. ಮುಳುಗೋದು ಸುಮಾರು 3,000 ಎಕರೆ. ಈ ಕೆರಿ ಸುತ್ತಲಿನ ನೆಲಾ ರೂಪಿಸಲಿಕ್ಕೆ ಸಿಲ್ವಿಯಾನ್ನ ಕರದರು. ಆಗ ಅಕಿಗೆ ಎಪ್ಪತ್ತರ ಹತ್ತರ ವಯಸ್ಸು.

ಈಗ ಒಡ್ಡಿನ ಹೊರಮೈ ನೋಡಿದ್ರ ಹುಲ್ಲಿನ ಗುಡ್ಡ ಅನ್ನಬೇಕು, ಕುರಿ ಮೇಯ್ತಾವ. ಬಂದವರ ಗಾಡಿ ನಿಲ್ಲಿಸೋ ಜಾಗಕ್ಕ ಗಿಡದ ಮರಿ. ಹೊಸಾ ಗಿಡದ ಗುಂಪು ಹಳೇ ಬೇಲಿ, ಹಳೇ ತೋಪಿನ ಜೊತಿ ಕೂಡಿಕೊಂಡು ನೀರಿನ ತನಕ ಇಳೀತಾವ. ಪಡುವಣ ತುದಿಗೆ ಒಡ್ಡು ಹಾಕಿ ಮಡುಗಳನ್ನ ಬ್ಯಾರೆ ಮಾಡ್ಯಾರ, ದೊಡ್ಡ ಕೆರಿ ನೀರು ಇಳದರೂ ಅಲ್ಲಿ ಇಳೀಬಾರದು, ಹಕ್ಕಿಗೆ ಇರಬೇಕು ಅಂತ. 1996ರಿಂದ ಸ್ಕಾಟ್‌ಲಂಡಿನ ಆಸ್ಪ್ರೇ ಮರಿ ತಂದು ಬಿಟ್ಟರು, ಮೀನು ಹಿಡಿಯೋ ಹದ್ದು ಅದು. 2001ರಾಗ ಅವು ಅಲ್ಲೇ ಮರಿ ಮಾಡಿದವು.

ಇಷ್ಟೆಲ್ಲಾ ಛಲೋ ಮಾಡಿದರು ಅಂತ ನಾನೂ ಒಪ್ಪತೀನಿ. ಆದರ ಕೆರಿ ಒಳಗ ಏನು ಹೋತು ಅಂತ ಕೇಳದ ಬಿಡೋದು ಹೆಂಗ್ರಿ? ನೆದರ್ ಹ್ಯಾಂಬಲ್ಟನ್ ಊರು ಪೂರಾ ಕೆಡವಿದರು, ನಡುವಿನ ಮಿಡಲ್ ಹ್ಯಾಂಬಲ್ಟನ್ನೂ ಹೆಚ್ಚುಕಡಿಮಿ ಹೋತು. ನಾರ್ಮಂಟನ್ನಿನ ಚರ್ಚು ಮಾತ್ರ ಮಂದಿ ಹಟ ಹಿಡದದ್ದಕ್ಕ ಉಳೀತು. ಅದರ ಕೆಳಗಿನ ಅರ್ಧಾ ಕಲ್ಲಿನಿಂದ ತುಂಬಿ, ನೆಲಾ ಎತ್ತರಿಸಿ, ಸುತ್ತ ಏರಿ ಹಾಕಿದರು. ಈಗ ಅದು ನೀರಾಗ ನಿಂತಂಗ ಕಾಣ್ತದ, ಎಲ್ಲಾರೂ ಫೋಟೋ ತಗೋತಾರ. ಕೆಡವಿದ ಮನಿಗಳ ಅಡಗಿಮನಿ, ಹಿತ್ತಲದ ಫೋಟೋ ಯಾರು ತಗದಾರು? ಮೊದಲ ಬೇಲಿ ಹಾಕಿದಾಗ ಗಾಯರಾಣ ಹೋದದ್ದು ಪಾರ್ಲಿಮೆಂಟಿನ ಕಾಯ್ದೆಯಿಂದ, ಈ ಮನಿ ಹೋದದ್ದೂ ಪಾರ್ಲಿಮೆಂಟಿನ ಕಾಯ್ದೆಯಿಂದನ.

1974ರಾಗ ರಟ್‌ಲಂಡ್ ಜಿಲ್ಲಾನ ರದ್ದು ಮಾಡಿ ಲೆಸ್ಟರ್‌ಶೈರಿಗೆ ಸೇರಿಸಿದರು. ಎಂಪಿಂಗಮ್ ಕೆರಿ ಅಂತ ಇದ್ದ ಹೆಸರು ಬದಲಾಗಿ ಕೆರಿ ರಟ್‌ಲಂಡ್ ವಾಟರ್ ಆತು. ಜಿಲ್ಲಾ 1997ರಾಗ ಮತ್ತ ಬಂತು. ಮ್ಯಾಲಿನ ಹ್ಯಾಂಬಲ್ಟನ್ ಗುಡ್ಡದ ಮ್ಯಾಲಿದ್ದದ್ದಕ್ಕ ಮುಳುಗಲಿಲ್ಲ. ಈಗ ಅದರ ಮೂರೂ ಕಡೆ ನೀರು.