ಜೀವಕೋಶಕ್ಕೊಬ್ಬ ಸಾಕ್ಷಿ

ಕವಿಚಕ್ರವರ್ತಿ ರನ್ನನ ಹೆಸರನ್ನು ಹೊತ್ತ ಬೆಳಗಲಿ ನಮ್ಮ ಮುಧೋಳ ಸೀಮೆಯ ಊರು. ಕಣ್ಣಿಗೆ ಕಾಣದ ಜೀವವನ್ನೂ ಜೀವವೆಂದೇ ಎಣಿಸುವ ಜೈನ ಪರಂಪರೆಯ ಕವಿ ಅವನು. ಕಾಣದ ಜೀವವನ್ನು ಕೊಲ್ಲದೆ ಅರಿಯುವುದು ಹೇಗೆ ಎಂಬ ಪ್ರಶ್ನೆ, ಕನ್ನಡ ಅಧ್ಯಾಪಕನಾದ ನನ್ನನ್ನು ವಿಜ್ಞಾನದ ಒಂದು ಚರಿತ್ರೆಯತ್ತ ಎಳೆಯಿತು. ಅದನ್ನೇ ಈಗ ತಮ್ಮ ಮುಂದಿಡುತ್ತೇನೆ.

ಬಹುಕಾಲ, ಜೀವಕೋಶದ ಒಳಗನ್ನು ಸ್ಪಷ್ಟವಾಗಿ ನೋಡಬೇಕಾದರೆ ಅದನ್ನು ಕೊಂದು ಬಣ್ಣ ಹಾಕಬೇಕಾಗಿತ್ತು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರದ ತುಣುಕನ್ನು ದುಗ್ಧರಸದ ಹನಿಯಲ್ಲಿಟ್ಟು, ದೇಹದ ಹೊರಗೆ ಅದರ ಎಳೆಗಳು ಬೆಳೆಯುವುದನ್ನು ಕಣ್ಣಾರೆ ಕಂಡರು. ಕೋಶಗಳ ಕೃಷಿಗೆ ದಾರಿ ತೆರೆಯಿತು.

ಈ ಬೇಸಾಯದಲ್ಲಿ ಕಳೆಯೂ ಬೆಳೆಯಿತು. ನ್ಯೂಯಾರ್ಕಿನಲ್ಲಿ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ಕೋಳಿಯ ಭ್ರೂಣದ ಹೃದಯದ ಚೂರಿನಿಂದ ಆರಂಭಿಸಿದ ಕೃಷಿ 1946ರವರೆಗೂ ನಡೆಯಿತು. ದೇಹದಿಂದ ಬಿಡಿಸಿದ ಕೋಶಕ್ಕೆ ಸಾವೇ ಇಲ್ಲವೆಂದು ವಿದ್ವಾಂಸರೂ ನಂಬಿದರು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, ಮನುಷ್ಯನ ಸಹಜ ಕೋಶಗಳು ಸುಮಾರು 50 ಸಲ ಇಮ್ಮಡಿಸಿ ನಿಲ್ಲುತ್ತವೆಂದು ತೋರಿಸಿದರು. ಹಾಗಾದರೆ ಕ್ಯಾರೆಲರ ಕೋಶಗಳು ಬಾಳಿದ್ದು ಹೇಗೆ? ಆಹಾರವಾಗಿ ಎರೆಯುತ್ತಿದ್ದ ಭ್ರೂಣಸಾರದೊಡನೆ ಹೊಸ ಕೋಶಗಳೂ ಸೇರುತ್ತಿದ್ದಿರಬೇಕೆಂದು ಹಲವರು ತರ್ಕಿಸಿದ್ದಾರೆ. ನಮ್ಮ ಓಲೆಗರಿಗಳಲ್ಲಿ ಪ್ರಕ್ಷಿಪ್ತ ಪದ್ಯಗಳು ಸೇರಿಕೊಂಡಂತೆಯೇ ಇದು. ಪಾತ್ರೆಯೊಳಗೆ ನಡೆದದ್ದಕ್ಕೆ ಎಡೆಬಿಡದ ಸಾಕ್ಷಿ ಇರಲಿಲ್ಲ. ತಪ್ಪು ಅರ್ಧ ಶತಮಾನ ಬಾಳಿತು.

ಅಂಥ ಸಾಕ್ಷಿಯಾಗಿ ಒದಗಿದ್ದು ವಿದ್ಯುತ್ತು. 1970ರಲ್ಲಿ ನೆದರ್‌ಲ್ಯಾಂಡ್ಸಿನ ಪೀಟ್ ಬರ್ಗ್‌ವೆಲ್ಡ್, ದ್ರಾವಣದಲ್ಲಿ ಮುಳುಗಿ ಅದರ ಅಯಾನುಗಳನ್ನು ಅಳೆಯುವ ಟ್ರಾನ್ಸಿಸ್ಟರನ್ನು ಪ್ರಕಟಿಸಿದರು. ಕೋಶ ಉಸಿರಾಡಿ ಉಂಡಂತೆಲ್ಲ ಸುತ್ತಲಿನ ದ್ರವ ಹುಳಿಯಾಗುತ್ತದೆ. ಆ ಬದಲಾವಣೆಯನ್ನು ಸಿಲಿಕಾನ್ ಚಿಪ್ಪು ಗುರುತಿಸಬಲ್ಲದಾಯಿತು. 1972ರಲ್ಲಿ ಸಿ. ಎ. ಥಾಮಸ್ ಮತ್ತು ಸಂಗಡಿಗರು ಗಾಜಿನ ಮೇಲೆ ಹರಡಿದ ಸೂಕ್ಷ್ಮ ವಿದ್ಯುದ್ವಾರಗಳ ಮೇಲೆ ಕೋಶಗಳನ್ನು ಬೆಳೆಸಿ ಅವುಗಳ ಮಿಡಿತವನ್ನು ದಾಖಲಿಸಿದರು. ಅವೂ ಕೋಳಿಯ ಭ್ರೂಣದ ಹೃದಯದ ಕೋಶಗಳೇ! 1984ರಲ್ಲಿ ಐವರ್ ಗೈವರ್ ಮತ್ತು ಚಾರ್ಲ್ಸ್ ಕೀಸ್ ಇನ್ನೊಂದು ದಾರಿ ಹಿಡಿದರು. ಕೋಶದ ಪೊರೆ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದು. ಚಿನ್ನದ ವಿದ್ಯುದ್ವಾರದ ಮೇಲೆ ಕೋಶಗಳು ಅಂಟಿ ಹರಡಿದಂತೆ ಅಡ್ಡಿ ಹೆಚ್ಚುತ್ತದೆ. ಸತ್ತು ಕಳಚಿದರೆ ತಗ್ಗುತ್ತದೆ. ಬಣ್ಣ ಬೇಡ, ಕೊಲೆ ಬೇಡ. ಹಗಲಿರುಳು ಲೆಕ್ಕ ದೊರೆಯುತ್ತದೆ.

ಇದು ದೂರದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಆರಂಭವಾದ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಸೂಕ್ಷ್ಮ ಸಂವೇದಕಗಳನ್ನು ರೂಪಿಸುವ ಸೌಕರ್ಯವಿದೆ. ಹೊಸ ಔಷಧಗಳ ನಿಯಮಗಳಿಗೆ ನಮ್ಮ ಸರ್ಕಾರ 2023ರಲ್ಲಿ ತಂದ ತಿದ್ದುಪಡಿ, ಪ್ರಾಣಿಪ್ರಯೋಗವಲ್ಲದ ಕೋಶಾಧಾರಿತ ಪರೀಕ್ಷೆಗಳಿಗೂ ಎಡೆಗೊಟ್ಟಿದೆ. ಆ ಪರೀಕ್ಷೆಗಳನ್ನು ನಂಬಿ ಮನುಷ್ಯನ ಬಾಯಿಗೆ ಮದ್ದು ಹಾಕುವಾಗ, ಕ್ಯಾರೆಲರ ಪಾತ್ರೆಯ ನೆನಪು ನಮಗಿರಬೇಕು.

ಆದರೂ ಚಿಪ್ಪು ಕೊಡುವುದು ಅಂಕಿ ಮಾತ್ರ. ಅಡ್ಡಿ ತಗ್ಗಿದ್ದು ಮದ್ದಿನ ವಿಷದಿಂದಲೋ, ದ್ರವದ ಬಿಸಿ ಏರಿದ್ದರಿಂದಲೋ, ಅದು ಹೇಳಲಾರದು. ಹಲವು ಪ್ರತಿಗಳನ್ನು ಎದುರಿಟ್ಟು ಶುದ್ಧ ಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕನ ತಾಳ್ಮೆ ಆ ಪ್ರಯೋಗಶಾಲೆಯಲ್ಲಿಯೂ ಬೇಕು.