ನಾಲ್ಕು ಡಾಲರಿನ ನೂಡಲ್ಸ್

ಸಿಂಗಪುರಕ್ಕೆ ಹೋಗಿ ಬಂದ ಗೆಳೆಯರೆಲ್ಲ ತಪ್ಪದೆ ಹೊಗಳೋದು ಅಲ್ಲಿನ ಹಾಕರ್ ಸೆಂಟರುಗಳ ಊಟವನ್ನು. ಅಷ್ಟು ದುಬಾರಿ ಊರಿನಲ್ಲಿ ಒಂದು ಬಟ್ಟಲು ಬಿಸಿಬಿಸಿ ನೂಡಲ್ಸ್ ನಾಲ್ಕೈದು ಡಾಲರಿಗೆ ಸಿಗುತ್ತೆ. ದಯವಿಟ್ಟು ರೂಪಾಯಿಗೆ ಗುಣಿಸಬೇಡಿ, ಗುಣಿಸಿದರೆ ಗಂಟಲಲ್ಲಿ ಇಳಿಯಲ್ಲ! ಅಲ್ಲಿನ ಸಂಬಳಕ್ಕೆ ಅದು ಅಗ್ಗವೇ. ಕೆಲಸದ ಮೇಲೆ ಅಲ್ಲಿದ್ದಷ್ಟು ದಿನ ನಾನೂ ವಾರಕ್ಕೆ ನಾಲ್ಕು ಸಲ ಅದನ್ನೇ ತಿಂದವನು. ಇಷ್ಟು ಕಡಿಮೆಗೆ ಇವರಿಗೆ ಹೇಗೆ ಕೊಡೋಕಾಗುತ್ತೆ ಅಂತ ಹುಡುಕುತ್ತಾ ಹೋದರೆ ತುಂಬಾ ಹಿಂದಕ್ಕೆ ಹೋಗಬೇಕಾಯ್ತು.

ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣ ಚೀನಾದ ಫುಜಿಯಾನ್, ಗುವಾಂಗ್‌ಡಾಂಗ್ ಕಡೆಯಿಂದ ಸಾವಿರಾರು ಗಂಡಸರು ಬಂದರಿನ ಕೂಲಿಗಾಗಿ ಸಿಂಗಪುರಕ್ಕೆ ಬಂದರು. ಇಕ್ಕಟ್ಟಾದ ಕೋಣೆಗಳಲ್ಲಿ ಹತ್ತಾರು ಜನರ ವಾಸ. ಒಲೆ ಹೂಡೋದೆಲ್ಲಿ? ಊಟವೇ ಅವರ ಹತ್ತಿರ ನಡೆದು ಬರ್ತಿತ್ತು. ಹೆಗಲ ಮೇಲೆ ಬಿದಿರಿನ ಗಳ, ಅದರ ಒಂದು ತುದಿಗೆ ಉರಿಯುವ ಒಲೆ, ಇನ್ನೊಂದಕ್ಕೆ ಬಟ್ಟಲು, ಸಾಮಾನು. ನೂಡಲ್ಸ್ ಮಾರುವವನ ಕಡೆಯ ಹುಡುಗ ಬಿದಿರಿನ ತುಂಡುಗಳನ್ನು ಟೊಕ್ ಟೊಕ್ ಅಂತ ಬಡಿಯುತ್ತಾ ಬೀದಿ ಸುತ್ತುತ್ತಿದ್ದ. ಆ ನೂಡಲ್ಸಿಗೆ 'ಟೊಕ್ ಟೊಕ್ ಮೀ' ಅಂತಲೇ ಹೆಸರು ಬಿತ್ತು. 'ಮೀ' ಅಂದ್ರೆ ಹೊಕ್ಕಿಯನ್ ಮಾತಿನಲ್ಲಿ ನೂಡಲ್ಸ್. ಒಂದೊಂದು ಭಾಷೆಯವರದು ಒಂದೊಂದು ಕೈರುಚಿ: ಕ್ಯಾಂಟನೀಸರದು ವಾಂಟನ್ ಮೀ, ತಿಯೋಚೂ ಜನರದು ಮೀನಿನ ಉಂಡೆಯ ಮೀ. ತಮಿಳುನಾಡಿನ ಕಡೆಯಿಂದ ಬಂದ ಮುಸ್ಲಿಮರು ಅದೇ ಹಳದಿ ಎಳೆಗಳನ್ನು ಖಾರ ಹಾಕಿ ಹುರಿದು 'ಮೀ ಗೋರೆಂಗ್' ಅಂತ ಮಾರಿದರು.

ಆ ಹಳದಿಯ ಬಗ್ಗೆ ಒಂದು ಮಾತು. ಅದು ಮೊಟ್ಟೆಯ ಬಣ್ಣ ಅಂತಲೇ ಬಹಳ ಜನ ಅಂದುಕೊಳ್ತಾರೆ. ಆದರೆ ಹಿಟ್ಟಿಗೆ ಕ್ಷಾರದ ನೀರು ಬೆರೆಸಿದರೆ ಸಾಕು, ಗೋಧಿಯೇ ಹಳದಿಗೆ ತಿರುಗುತ್ತೆ, ಎಳೆಗೆ ಜಗಿಯುವಂಥ ಬಿಗಿ ಬರುತ್ತೆ. ಹಪ್ಪಳಕ್ಕೆ ನಮ್ಮ ಅಜ್ಜಿಯರು ಹಾಕುವ ಹಪ್ಪಳದ ಖಾರ ಇದ್ಯಲ್ಲ, ಹೆಚ್ಚುಕಮ್ಮಿ ಅದೇ ಜಾತಿ. ಫ್ರಿಜ್ಜಿಲ್ಲದ ಸೆಖೆಯ ಊರಿನಲ್ಲಿ ಹಿಟ್ಟು ಬೇಗ ಕೆಡದಂತೆಯೂ ಅದು ಕಾಯುತ್ತಿತ್ತು.

ಬೀದಿಯ ಈ ಚಿತ್ರ ಚೆಂದ ಅನ್ನಿಸುತ್ತೆ, ಆದರೆ ಅಲ್ಲಿ ನಲ್ಲಿ ಇರಲಿಲ್ಲ. ಒಂದೇ ಬಕೆಟ್ಟಿನ ನೀರಲ್ಲಿ ದಿನವಿಡೀ ಬಟ್ಟಲು ತೊಳೆಯೋದು, ಕೊಳೆ ಚರಂಡಿಗೆ, ಅಲ್ಲಿಂದ ನದಿಗೆ. ಕಾಲರಾ, ಟೈಫಾಯ್ಡ್ ಭಯ ಬೇರೆ. ಲೈಸೆನ್ಸ್ ಇಲ್ಲದವರು ಅಧಿಕಾರಿಗಳನ್ನು ಕಂಡರೆ ಗಾಡಿ ತಳ್ಳಿಕೊಂಡು ಓಡಬೇಕಿತ್ತು. ಬ್ರಿಟಿಷರ ಕಾಲದಲ್ಲೇ, 1950ರಲ್ಲಿ, ಹಾಕರುಗಳ ಬಗ್ಗೆ ಒಂದು ವಿಚಾರಣಾ ಆಯೋಗ ವರದಿ ಕೊಟ್ಟಿತ್ತು. ನಿಜವಾದ ಬದಲಾವಣೆ ಬಂದಿದ್ದು ಸ್ವಾತಂತ್ರ್ಯದ ನಂತರ. 1968-69ರಲ್ಲಿ ಸರ್ಕಾರ ಸುಮಾರು 18,000 ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿತು. 1971ರಿಂದ ನೀರು, ಚರಂಡಿ, ಕರೆಂಟು ಇರುವ ಕಟ್ಟಡಗಳನ್ನು ಕಟ್ಟುತ್ತಾ, 1986ರ ಹೊತ್ತಿಗೆ ಅವರನ್ನು ಬೀದಿಯಿಂದ ಒಳಕ್ಕೆ ತಂದಿತು. ಎಬ್ಬಿಸಿ ಕಳಿಸಲಿಲ್ಲ, ಜಾಗ ಕೊಟ್ಟು ಎಬ್ಬಿಸಿತು ಅನ್ನೋದನ್ನ ಗಮನಿಸಿ. ಬೀದಿಯಿಂದ ಬಂದವರಿಗೆ ಬಾಡಿಗೆಯಲ್ಲೂ ಸಬ್ಸಿಡಿ ಸಿಕ್ಕಿತು.

ನೂಡಲ್ಸ್ ಅಗ್ಗವಾಗಿ ಉಳಿದ ಗುಟ್ಟು ಈ ಬಾಡಿಗೆಯಲ್ಲಿದೆ. ಸರ್ಕಾರಕ್ಕೂ ಇದರಲ್ಲಿ ಲಾಭ ಇತ್ತು ಅಂತ ನನ್ನ ಲೆಕ್ಕ: ಊಟ ಅಗ್ಗವಾದರೆ ದುಡಿಯುವವರು ಕಡಿಮೆ ಸಂಬಳದಲ್ಲೂ ತೂಗಿಸ್ತಾರೆ. ಇವತ್ತು 110ಕ್ಕೂ ಹೆಚ್ಚು ಹಾಕರ್ ಸೆಂಟರುಗಳಿವೆ. ಮಧ್ಯಾಹ್ನ ಆಫೀಸಿನವರೆಲ್ಲ ನುಗ್ಗಿ, ಖಾಲಿ ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ಟು ಇಟ್ಟು 'ಚೋಪ್' ಮಾಡ್ತಾರೆ. ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋ ವಿದ್ಯೆಯೇ, ಸ್ವಲ್ಪ ಸಭ್ಯವಾಗಿ.

ಇನ್ನುಳಿದ ಅಗ್ಗವನ್ನು ಭರಿಸೋದು ಒಲೆಯ ಮುಂದೆ ನಿಂತವರು. ಬೆಳಗಿನ ಜಾವ ಎದ್ದು ಸಾರಿಗಿಡಬೇಕು, ಹತ್ತು ಹನ್ನೆರಡು ಗಂಟೆ ನಿಂತೇ ಇರಬೇಕು. ಸಿಂಗಪುರದ ಹಾಕರುಗಳ ವಯಸ್ಸಿನ ನಡುಮಟ್ಟವೇ ಅರವತ್ತರ ಆಸುಪಾಸು. ನಾನು ತಿನ್ನುತ್ತಿದ್ದ ಅಂಗಡಿಯ ಅಂಕಲ್‌ಗೆ ಎಪ್ಪತ್ತು ದಾಟಿತ್ತು. ಮಗ ಬ್ಯಾಂಕಿನಲ್ಲಿದ್ದಾನೆ ಅಂತ ಹೆಮ್ಮೆಯಿಂದಲೇ ಹೇಳಿದ್ರು.

ಹಾಗಂತ ಮರ್ಯಾದೆಗೇನೂ ಕಮ್ಮಿಯಿಲ್ಲ. ಚಾನ್ ಹಾನ್ ಮೆಂಗ್ ಅವರ ಸೋಯಾ ಸಾಸ್ ಕೋಳಿಯ ಅಂಗಡಿಗೂ, ಹಿಲ್ ಸ್ಟ್ರೀಟ್ ತೈ ಹ್ವಾ ನೂಡಲ್ಸ್ ಅಂಗಡಿಗೂ 2016ರಲ್ಲಿ ಮಿಶೆಲಿನ್ ನಕ್ಷತ್ರ ಸಿಕ್ಕಿತು. ಯುನೆಸ್ಕೋ 2020ರ ಡಿಸೆಂಬರಿನಲ್ಲಿ ಸಿಂಗಪುರದ ಹಾಕರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಸಬರಿಗೆ ಕೆಲಸ ಕಲಿಸುವ ಸರ್ಕಾರಿ ತರಬೇತಿಗಳೂ ಇವೆ.

ಆದರೆ ಹೊಸಬರಿಗೆ ಹಳಬರ ಬಾಡಿಗೆ ಸಿಗಲ್ಲ, ಟೆಂಡರಿನಲ್ಲಿ ಕೂಗಬೇಕು. 2024ರಲ್ಲಿ ಮರೀನ್ ಪರೇಡಿನ ಒಂದು ಅಂಗಡಿಗೆ ತಿಂಗಳಿಗೆ 10,000 ಡಾಲರಿಗಿಂತ ಹೆಚ್ಚಿನ ಕೂಗು ಬಂದು ದೊಡ್ಡ ಸುದ್ದಿಯಾಯ್ತು. ಎಲ್ಲ ಕೂಗೂ ಹಾಗಿರಲ್ಲ, ನಿಜ. ಆದರೂ ಲೆಕ್ಕ ಹಾಕಿ ನೋಡಿದೆ. ಬಟ್ಟಲಿಗೆ 4 ಡಾಲರ್, ತಿಂಗಳಿಗೆ 25 ದಿನ ಅಂಗಡಿ ತೆರೆದರೆ, ದಿನದ ಮೊದಲ ನೂರು ಬಟ್ಟಲು ಬಾಡಿಗೆಗೇ ಹೋಯ್ತು. ಹಿಟ್ಟು, ಮಾಂಸ, ಗ್ಯಾಸು, ತನ್ನ ಮನೆಯ ಖರ್ಚು, ಎಲ್ಲ ನೂರಾ ಒಂದನೇ ಬಟ್ಟಲಿನಿಂದ ಶುರು.